ನೌಕಾಪಡೆ ಬಿಟ್ಟು ಸ್ವಂತವಾಗಿ ಬೋಟ್ ಎಲೆಕ್ಟ್ರಿಷಿಯನ್ ಆಗುವುದು: ಮಂಗಳೂರಿನಿಂದ ಕಾರವಾರದವರೆಗೆ

ನಮ್ಮ ಕರಾವಳಿಯಲ್ಲಿ ಬೋಟ್ ಎಲೆಕ್ಟ್ರಿಷಿಯನ್ನರ ವರ್ಷ ಶುರುವಾಗುವುದು ಜೂನ್ 1ಕ್ಕೆ. ಅಂದಿನಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿ, ತದಡಿ, ಕಾರವಾರದ ಬೈತಖೋಲ, ಎಲ್ಲ ಕಡೆಯೂ ಬೋಟುಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಎಂಜಿನ್, ಬಲೆ, ಬಣ್ಣ, ವೈರಿಂಗ್ ಎಲ್ಲವೂ ಆ ಎರಡು ತಿಂಗಳಲ್ಲೇ ಮುಗಿಯಬೇಕು. ಹಾಗಾಗಿ ನಿಮ್ಮ ಬಿಡುಗಡೆಯ ದಿನ ಯಾವುದೇ ಇರಲಿ, ಉಪಕರಣ, ಸಾಮಾನು, ಕಾಗದಪತ್ರ ಮೇ ಮಧ್ಯಭಾಗಕ್ಕೆ ಸಿದ್ಧವಿರುವಂತೆ ನೋಡಿಕೊಳ್ಳಿ. ಆಗಸ್ಟ್‌ನಲ್ಲಿ ಕೆಲಸ ಶುರು ಮಾಡಿದವರಿಗೆ ಮುಂದಿನ ಮಳೆಗಾಲದವರೆಗೆ ಸಿಗುವುದು ಚಿಲ್ಲರೆ ರಿಪೇರಿ ಮಾತ್ರ. ಪೂರ್ತಿ ರೀವೈರಿಂಗ್ ಕೆಲಸ ಆಗ ಯಾರೂ ಕೊಡುವುದಿಲ್ಲ.

ಯೂನಿಫಾರ್ಮ್ ಕಳಚುವ ಮೊದಲು

ಜಾಮ್‌ನಗರದ ಐಎನ್‌ಎಸ್ ವಲ್ಸುರಾದಲ್ಲಿ ಮಾಡಿದ ಪ್ರತಿ ಕೋರ್ಸಿನ ಪ್ರಮಾಣಪತ್ರ, ನಾಗರಿಕ ಟ್ರೇಡ್‌ಗೆ ಸಮಾನತೆ ತೋರಿಸುವ ಪತ್ರ, ಡಿಸ್ಚಾರ್ಜ್ ದಾಖಲೆ, ಪಿಂಚಣಿ ಆದೇಶ ಇವುಗಳನ್ನು ಕೈಯಲ್ಲಿ ಇಟ್ಟುಕೊಂಡೇ ಹೊರಬನ್ನಿ. ಹೆಸರಿನ ಕಾಗುಣಿತ, ಜನ್ಮದಿನಾಂಕ ಆಧಾರ್ ಜೊತೆ ತಾಳೆಯಾಗುತ್ತದೆಯೇ ಎಂದು ಸೇವೆಯಲ್ಲಿರುವಾಗಲೇ ನೋಡಿ. ಊರಿಗೆ ಬಂದ ಮೇಲೆ ಒಂದು ಅಕ್ಷರ ತಿದ್ದಿಸಲು ಮುಂಬೈಗೆ ಪತ್ರ ಬರೆಯುತ್ತ ಕೂರಬೇಕಾಗುತ್ತದೆ. ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ನಡೆಸುವ ಕೋರ್ಸುಗಳಿಗೂ ಸೇವೆಯಲ್ಲಿದ್ದಾಗಲೇ ಅರ್ಜಿ ಹಾಕಿ. ಅಲ್ಲಿ ಎಲೆಕ್ಟ್ರಿಕಲ್ ಕೋರ್ಸನ್ನೇ ಮತ್ತೆ ಮಾಡುವುದಕ್ಕಿಂತ ಲೆಕ್ಕಪತ್ರ, ಸಣ್ಣ ಉದ್ಯಮ ನಿರ್ವಹಣೆಯ ಕೋರ್ಸು ಆರಿಸಿಕೊಳ್ಳುವುದು ಮೇಲು. ವೈರಿಂಗ್ ನಿಮಗೆ ಗೊತ್ತು, ಬಿಲ್ ಮಾಡುವುದು ಗೊತ್ತಿಲ್ಲ.

ಊರಿಗೆ ಬಂದ ಮೇಲೆ ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ನೋಂದಣಿ ಮಾಡಿಸಿ ಮಾಜಿ ಸೈನಿಕರ ಗುರುತಿನ ಚೀಟಿ ಪಡೆಯಿರಿ. ನಂತರ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ. ಇದು ಆನ್‌ಲೈನ್, ಉಚಿತ, ಆಧಾರ್, ಪ್ಯಾನ್ ಇದ್ದರೆ ಸಾಕು. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಕಡ್ಡಾಯವಲ್ಲ. ಆದರೆ ಶಿಪ್‌ಯಾರ್ಡಿಗೆ ಉಪಗುತ್ತಿಗೆ ಮಾಡುವ ಯೋಚನೆಯಿದ್ದರೆ ಅವರು ಜಿಎಸ್‌ಟಿ ಬಿಲ್ಲನ್ನೇ ಕೇಳುತ್ತಾರೆ.

ಸಾಲ ಬೇಕಿದ್ದರೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ನೋಡಿ. 2022ರ ಪರಿಷ್ಕರಣೆಯ ಪ್ರಕಾರ ಸೇವಾ ಘಟಕದ ಮಿತಿ 20 ಲಕ್ಷ. ಮಾಜಿ ಸೈನಿಕರು ವಿಶೇಷ ವರ್ಗಕ್ಕೆ ಸೇರುತ್ತಾರೆ: ಸ್ವಂತ ಪಾಲು ಶೇ. 5, ಸಬ್ಸಿಡಿ ಗ್ರಾಮೀಣ ಪ್ರದೇಶದಲ್ಲಿ ಶೇ. 35, ನಗರದಲ್ಲಿ ಶೇ. 25. ಕಾರ್ಯಾಗಾರದ ವಿಳಾಸ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಆಗುವ ಲಾಭ ಸಣ್ಣದಲ್ಲ. ಅಗ್ನಿವೀರರ ಲೆಕ್ಕ ಬೇರೆ. ನಾಲ್ಕು ವರ್ಷ ಮುಗಿಸಿ ಬಂದವರಿಗೆ ಮಾಜಿ ಸೈನಿಕ ಸ್ಥಾನಮಾನ ಇಲ್ಲ, ಪಿಂಚಣಿಯೂ ಇಲ್ಲ. 2022ರ ಘೋಷಣೆಯಂತೆ ಸುಮಾರು 11.71 ಲಕ್ಷದ ಸೇವಾ ನಿಧಿಯೇ ಬಂಡವಾಳ. ಪಿಎಂಇಜಿಪಿಯಲ್ಲಿ ಅವರು ಸಾಮಾನ್ಯ ವರ್ಗದಲ್ಲಿ (ಸ್ವಂತ ಪಾಲು ಶೇ. 10, ಸಬ್ಸಿಡಿ ಶೇ. 25 ಅಥವಾ 15), ಇಲ್ಲವೇ ತಮ್ಮ ಜಾತಿ ವರ್ಗದ ಆಧಾರದ ಮೇಲೆ ಅರ್ಜಿ ಹಾಕಬೇಕು. ಸೇವಾ ನಿಧಿ ಪೂರ್ತಿ ಅಂಗಡಿಗೆ ಸುರಿಯಬೇಡಿ. ಈ ಕಸುಬಿಗೆ ಅಷ್ಟು ಬಂಡವಾಳ ಬೇಕಾಗಿಯೂ ಇಲ್ಲ.

ಲೈಸೆನ್ಸ್ ವಿಷಯದಲ್ಲಿ ಗೆರೆ ಸ್ಪಷ್ಟ. ಬೋಟಿನ ಒಳಗಿನ 12, 24 ವೋಲ್ಟ್ ಕೆಲಸ ಬೇರೆ. ಜೆಟ್ಟಿಯ ಪ್ಯಾನೆಲ್, ಐಸ್ ಪ್ಲಾಂಟ್, ದಡದ ವಿದ್ಯುತ್ ಪಾಯಿಂಟ್ ಹೀಗೆ ಮೆಸ್ಕಾಂ ಅಥವಾ ಹೆಸ್ಕಾಂ ಮೀಟರಿನ ಆಚೆಯ ಕೆಲಸ ಮುಟ್ಟಬೇಕಾದರೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಡಿ ಗುತ್ತಿಗೆದಾರರ ಲೈಸೆನ್ಸ್, ಮೇಲ್ವಿಚಾರಕರ ಪರವಾನಗಿ ಬೇಕು. ನೌಕಾಪಡೆಯ ಅನುಭವ ಅದಕ್ಕೆ ತಾನಾಗಿಯೇ ಬದಲಿಯಾಗುವುದಿಲ್ಲ. ಮೊದಲ ವರ್ಷ ಲೈಸೆನ್ಸ್ ಇರುವ ಗುತ್ತಿಗೆದಾರರೊಬ್ಬರ ಜೊತೆ ಒಪ್ಪಂದ ಮಾಡಿಕೊಂಡು ದಡದ ಕೆಲಸ ಅವರಿಗೇ ಬಿಡುವುದು ಜಾಣತನ. ವ್ಯಾಪಾರಿ ಹಡಗಿನಲ್ಲಿ ಇಟಿಒ (ವಿದ್ಯುತ್ ವಿಭಾಗದ ಅಧಿಕಾರಿ) ಆಗುವ ದಾರಿ ಹಡಗು ಮಹಾನಿರ್ದೇಶನಾಲಯದ್ದು. ಅದು ನೌಕರಿ, ಇಲ್ಲಿನ ವಿಷಯವಲ್ಲ.

ನೌಕಾಪಡೆಯ ಅಭ್ಯಾಸಗಳಲ್ಲಿ ಬಿಡಬೇಕಾದ್ದು

ಯುದ್ಧನೌಕೆಯಲ್ಲಿ ಡ್ರಾಯಿಂಗ್ ಇತ್ತು, ಪ್ರತಿ ಕೇಬಲ್ಲಿಗೆ ನಂಬರ್ ಇತ್ತು, ಸ್ಟೋರ್ಸ್ ಇತ್ತು. ಟ್ರಾಲ್ ಬೋಟಿನಲ್ಲಿ ಇವು ಯಾವುವೂ ಇಲ್ಲ. ವ್ಹೀಲ್‌ಹೌಸ್ (ಚುಕ್ಕಾಣಿ ಕೋಣೆ) ಸೀಲಿಂಗಿನ ಮೇಲೆ ಹತ್ತು ವರ್ಷದಲ್ಲಿ ಐದಾರು ಜನ ಎಳೆದ ತಂತಿ, ಅರ್ಧಕ್ಕೆ ಕತ್ತರಿಸಿ ಬಿಟ್ಟ ತುದಿ, ಮನೆ ವೈರಿಂಗಿನ ಪಿವಿಸಿ ವೈರ್. ಇಎಂಪಿ ಅಥವಾ ಇಎಪಿ (ನೌಕಾಪಡೆಯ ಪವರ್ ವಿಭಾಗದ ಎಲೆಕ್ಟ್ರಿಷಿಯನ್) ಆಗಿದ್ದವರಿಗೆ ಜನರೇಟರ್, ಸ್ಟಾರ್ಟರ್, ಮೋಟಾರ್ ಕೈಗೆ ಬೇಗ ಹತ್ತುತ್ತವೆ. ಇಎಂಆರ್ (ರೇಡಿಯೊ ವಿಭಾಗದವರು) ಆಗಿದ್ದವರಿಗೆ ಫಿಶ್ ಫೈಂಡರ್, ವಿಎಚ್‌ಎಫ್ ರೇಡಿಯೊ, ಎಐಎಸ್ (ಬೋಟಿನ ಗುರುತು, ಸ್ಥಾನ ಪ್ರಸಾರ ಮಾಡುವ ಸಾಧನ) ಕೆಲಸದಲ್ಲಿ ಮೇಲುಗೈ. ಊರಲ್ಲಿ ಸ್ಟಾರ್ಟರ್ ಬಿಚ್ಚುವವರು ಬಹಳ ಮಂದಿ ಇದ್ದಾರೆ, ರೇಡಿಯೊ ದೋಷ ಹಿಡಿಯುವವರು ಕಡಿಮೆ. ಕಲಾಸಿಗಳಲ್ಲಿ (ಬೋಟಿನ ಕೆಲಸಗಾರರಲ್ಲಿ) ಒಡಿಶಾ, ಆಂಧ್ರದಿಂದ ಬಂದವರು ಬಹಳ; ಅವರ ಜೊತೆ ನೌಕಾಪಡೆಯ ಹಿಂದಿ ಚೆನ್ನಾಗಿ ನಡೆಯುತ್ತದೆ.

ಅಪಾಯದ ಅಭ್ಯಾಸ ಒಂದಿದೆ. ನೌಕೆಯ ಎಸಿ ವ್ಯವಸ್ಥೆಯಲ್ಲಿ ನ್ಯೂಟ್ರಲ್ ಅನ್ನು ಹಲ್‌ಗೆ (ಹಡಗಿನ ಹೊರಮೈಗೆ) ಕಟ್ಟಿರುವುದಿಲ್ಲ; ಒಂದು ಅರ್ತ್ ಫಾಲ್ಟ್ ಬಂದರೂ ಪೂರೈಕೆ ನಿಲ್ಲಬಾರದು ಎಂಬುದು ಅದರ ಉದ್ದೇಶ. ಅಲ್ಲಿ ಅರ್ತ್ ಲ್ಯಾಂಪ್ ನೋಡಿ ದೋಷ ಹುಡುಕುವ ಸಿಬ್ಬಂದಿ 24 ತಾಸೂ ಇರುತ್ತಾರೆ. ಬೋಟಿನಲ್ಲಿ ಯಾರೂ ಇಲ್ಲ. ಸಣ್ಣ ಜನರೇಟರಿನ 230 ವೋಲ್ಟ್ ವೈಂಡಿಂಗನ್ನು ಹಾಗೇ ತೇಲಲು ಬಿಟ್ಟು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿದರೆ ಮೊದಲ ದೋಷಕ್ಕೆ ಅದು ಟ್ರಿಪ್ ಆಗುವುದೇ ಇಲ್ಲ, ಏಕೆಂದರೆ ಸೋರಿದ ಕರೆಂಟಿಗೆ ಮರಳುವ ದಾರಿಯಿಲ್ಲ. ಜನರೇಟರ್ ಕಡೆ, ಆರ್‌ಸಿಸಿಬಿಗೆ ಮೊದಲು, ನ್ಯೂಟ್ರಲ್ ಮತ್ತು ಅರ್ತ್ ಜೋಡಿಸಿ. ದಡದ ಪೂರೈಕೆಗೆ ಬದಲಾದಾಗ ಬೋಟಿನೊಳಗೆ ಆ ಜೋಡಣೆ ಇರಕೂಡದು. ಆದ್ದರಿಂದ ಚೇಂಜ್‌ಓವರ್ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಆಗಿರಲಿ. ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯನ್ನು ಟೆಸ್ಟ್ ಬಟನ್‌ನಿಂದ ಮಾತ್ರವಲ್ಲ, ಸಾಕೆಟ್ಟಿಗೆ ಚುಚ್ಚುವ ಆರ್‌ಸಿಸಿಬಿ ಟೆಸ್ಟರ್‌ನಿಂದಲೂ ಪರೀಕ್ಷಿಸಿ. ಬಟನ್ ಒಳಗಿನ ರೆಸಿಸ್ಟರ್ ಮೂಲಕ ಟ್ರಿಪ್ ಮಾಡುತ್ತದೆ, ಅರ್ತ್ ತಂತಿ ಕಡಿದಿದ್ದರೂ ಸರಿಯಿದೆ ಎಂದೇ ತೋರಿಸುತ್ತದೆ.

ಚೀಲದಲ್ಲಿ ಏನಿರಬೇಕು

ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಡಿಸಿ ಆಂಪ್ ಓದುತ್ತದೆಯೇ ಎಂದು ಕೇಳಿ. ಅಗ್ಗದ ಬಹುತೇಕ ಮೀಟರುಗಳು ಎಸಿ ಮಾತ್ರ ಓದುತ್ತವೆ, ಬೋಟಿನಲ್ಲಿ ಅವು ಭಾರ ಅಷ್ಟೇ. ಇದರ ಜೊತೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್), ಒಳ್ಳೆಯ ಮಲ್ಟಿಮೀಟರ್, 10ರಿಂದ 120 ಚದರ ಮಿ.ಮೀ.ವರೆಗಿನ ಹೈಡ್ರಾಲಿಕ್ ಕ್ರಿಂಪರ್ (ಕೇಬಲ್ ತುದಿಗೆ ಲಗ್ ಎಂಬ ಲೋಹದ ತುಂಡು ಒತ್ತಿ ಕೂರಿಸುವ ಉಪಕರಣ), ಸಣ್ಣ ಲಗ್‌ಗೆ ರ‍್ಯಾಚೆಟ್ ಕ್ರಿಂಪರ್, ಹೈಡ್ರೋಮೀಟರ್, ಬೆಳ್ಳಿ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್, ಬ್ಯಾಟರಿ ಹೆಡ್‌ಲ್ಯಾಂಪ್, ಬೆಂಕಿ ಆರಿಸುವ 2 ಕೆ.ಜಿ. ಸಿಒ2 ಸಿಲಿಂಡರ್, ಲೈಫ್ ಜಾಕೆಟ್. ಮಳೆಯಲ್ಲಿ ಒದ್ದೆ ಡೆಕ್ಕಿನ ಮೇಲೆ 230 ವೋಲ್ಟಿನ ಹ್ಯಾಂಡ್‌ಲ್ಯಾಂಪ್ ಎಳೆಯಬೇಡಿ. ಮುಚ್ಚಿಟ್ಟ ಮೀನಿನ ಹೋಲ್ಡಿಗೆ (ಡೆಕ್ ಕೆಳಗಿನ ಮೀನು ತುಂಬುವ ಕೋಣೆ) ನೇರವಾಗಿ ಇಳಿಯಲೂ ಬೇಡಿ. ಕೊಳೆತ ಮೀನಿನಿಂದ ಬರುವ ಹೈಡ್ರೋಜನ್ ಸಲ್ಫೈಡ್ ಮೊದಲು ಮೂಗನ್ನು ಮರಗಟ್ಟಿಸುತ್ತದೆ, ಆಮೇಲೆ ಪ್ರಜ್ಞೆ ತಪ್ಪಿಸುತ್ತದೆ. ಮುಚ್ಚಳ ತೆಗೆದು ಬ್ಲೋವರ್ ಇಟ್ಟು ಗಾಳಿಯಾಡಿಸಿ, ಮೇಲೊಬ್ಬರನ್ನು ನಿಲ್ಲಿಸಿಯೇ ಇಳಿಯಿರಿ.

ಮೊದಲ ಮಳೆಗಾಲಕ್ಕೆ ಸಾಮಾನು: ತವರ ಲೇಪಿತ ತಾಮ್ರದ ಎಳೆ ಕೇಬಲ್ 2.5 ಚದರ ಮಿ.ಮೀ. ಕೆಂಪು, ಕಪ್ಪು ತಲಾ 100 ಮೀಟರ್. 6 ಚದರ ಮಿ.ಮೀ. ತಲಾ 50 ಮೀಟರ್. ಬ್ಯಾಟರಿಗೆ 50 ಚದರ ಮಿ.ಮೀ. 20 ಮೀಟರ್, ಅಂಟು ಲೇಪಿತ ಹೀಟ್ ಶ್ರಿಂಕ್, ರಿಂಗ್ ಲಗ್, ಫ್ಯೂಸ್ ಹೋಲ್ಡರ್. ಇಷ್ಟರಿಂದ ಎರಡು ಮೂರು ಬೋಟು ಮುಗಿಸಬಹುದು. ಅಡ್ವಾನ್ಸ್ ಬಂದಂತೆ ಮತ್ತೆ ತರಿಸಿ.

ತವರ ಲೇಪಿತ ಕೇಬಲ್ ದುಬಾರಿ ಎಂದು ಬೋಟಿನ ಯಜಮಾನರು ಮುಖ ಸಿಂಡರಿಸುತ್ತಾರೆ. ಆಗ ಹಳೆಯ ಕೇಬಲ್ಲಿನ ಒಂದು ತುದಿ ಕತ್ತರಿಸಿ ಅವರ ಮುಂದೆಯೇ ಇನ್ಸುಲೇಷನ್ ಸುಲಿಯಿರಿ. ಲಗ್ ಹತ್ತಿರ ಹಸಿರು ಕಿಲುಬು ಕಾಣುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದರ ಹಿಂದೆ ಇದೆ: ಸುಲಿಯುತ್ತ ಒಂದು ಗೇಣು ಹಿಂದಕ್ಕೆ ಹೋದರೂ ತಾಮ್ರದ ಎಳೆಗಳು ಕಪ್ಪಗಿರುತ್ತವೆ, ಬೆರಳಲ್ಲಿ ತಿಕ್ಕಿದರೆ ಪುಡಿ ಉದುರುತ್ತದೆ. ಉಪ್ಪುನೀರು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರಿರುತ್ತದೆ. ಅಲ್ಲಿಗೆ ಹೊಸ ಲಗ್ ಒತ್ತಿದರೆ ಕ್ರಿಂಪ್ ಗಟ್ಟಿಯಾಗಿ ಕಂಡರೂ ಸಂಪರ್ಕ ಕೂರುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು, ಉದ್ದ ಸಾಲದಿದ್ದರೆ ಕೇಬಲ್ಲನ್ನೇ ಬದಲಿಸಬೇಕು.

ಕೇಬಲ್ ದಪ್ಪದ ಲೆಕ್ಕ

ಅಂದಾಜಿನಲ್ಲಿ ವೈರ್ ಎಳೆಯಬೇಡಿ. ಬೇಕಾದ ದಪ್ಪ (ಚದರ ಮಿ.ಮೀ.) ಎಂದರೆ 2 × ಒಂದು ಕಡೆಯ ಉದ್ದ (ಮೀಟರ್) × ಕರೆಂಟ್ (ಆಂಪ್) × 0.0175, ಇದನ್ನು ಬಿಡಬಹುದಾದ ವೋಲ್ಟೇಜ್ ಇಳಿಕೆಯಿಂದ ಭಾಗಿಸಿ. ನ್ಯಾವಿಗೇಷನ್ ದೀಪ, ರೇಡಿಯೊ, ಫಿಶ್ ಫೈಂಡರಿಗೆ ಇಳಿಕೆ ಶೇ. 3 ಮೀರಬಾರದು. ಉಳಿದವಕ್ಕೆ ಶೇ. 10ರವರೆಗೆ ನಡೆಯುತ್ತದೆ.

ಬ್ಯಾಟರಿಯಿಂದ 12 ಮೀಟರ್ ದೂರದಲ್ಲಿ 100 ವಾಟ್ ದೀಪ, ಇಳಿಕೆ ಶೇ. 3 ಎಂದುಕೊಳ್ಳಿ. 24 ವೋಲ್ಟಿನಲ್ಲಿ ಕರೆಂಟ್ 4.2 ಆಂಪ್, ಇಳಿಕೆ 0.72 ವೋಲ್ಟ್, ದಪ್ಪ 2.4 ಬರುತ್ತದೆ, 2.5ರ ಕೇಬಲ್ ಸಾಕು. ಅದೇ ದೀಪ 12 ವೋಲ್ಟಿನಲ್ಲಾದರೆ 8.3 ಆಂಪ್, 0.36 ವೋಲ್ಟ್, ದಪ್ಪ 9.7. ಅಂದರೆ 10 ಚದರ ಮಿ.ಮೀ. ಬೇಕು, ನಾಲ್ಕು ಪಟ್ಟು ತಾಮ್ರ. ಸಣ್ಣ ಬೋಟಿನ ಯಜಮಾನರು 12 ವೋಲ್ಟಿನಲ್ಲೇ ಉದ್ದುದ್ದ ಎಳೆಸಲು ಹೊರಟರೆ ಈ ಲೆಕ್ಕ ತೋರಿಸಿ. ಎಂಜಿನ್ ರೂಮ್ ಮೂಲಕ ಹಾಯುವ ಕೇಬಲ್ ಬಿಸಿಯಾಗುತ್ತದೆ, ಅಲ್ಲಿ ಒಂದು ಅಳತೆ ಮೇಲಿನದು ಹಾಕಿ.

ಫ್ಯೂಸ್ ಇರುವುದು ದೀಪ ಉಳಿಸಲು ಅಲ್ಲ, ಕೇಬಲ್ ಉಳಿಸಲು. ಬ್ಯಾಟರಿ ಪಾಸಿಟಿವ್‌ನಿಂದ 18-20 ಸೆಂ.ಮೀ. ಒಳಗೇ ಮುಖ್ಯ ಫ್ಯೂಸ್ ಬರಬೇಕು. ಫ್ಯೂಸಿಗೆ ಮೊದಲಿನ ಕೇಬಲ್ ಎಲ್ಲಾದರೂ ಉಜ್ಜಿ ಎಂಜಿನ್ನಿಗೆ ತಗುಲಿದರೆ ನಿಲ್ಲಿಸುವವರಿಲ್ಲ. ಎಂಜಿನ್ ಸ್ಟಾರ್ಟ್ ಆಗುವಾಗ ನೂರಾರು ಆಂಪ್ ಎಳೆಯುವುದರಿಂದ ಸ್ಟಾರ್ಟರ್ ಕೇಬಲ್ಲಿಗೆ ಈ ಫ್ಯೂಸ್ ಹಾಕುವುದಿಲ್ಲ. ಅದನ್ನು ಕೊಳವೆಯೊಳಗೆ, ಕ್ಲಿಪ್ ಹಾಕಿ, ಚೂಪು ಅಂಚಿನಿಂದ ದೂರ ಒಯ್ಯಿರಿ. ಬಿಲ್ಜ್ ಪಂಪಿನ (ಬೋಟಿನ ತಳದಲ್ಲಿ ನಿಂತ ನೀರು ಹೊರಹಾಕುವುದು) ಫ್ಲೋಟ್ ಸ್ವಿಚ್ಚಿಗೆ ಮಾತ್ರ ಮೇನ್ ಸ್ವಿಚ್ಚಿಗೂ ಮೊದಲು, ಬ್ಯಾಟರಿ ಕಡೆಯಿಂದ, ಸ್ವಂತ ಫ್ಯೂಸಿನೊಂದಿಗೆ, ನೇರ ಲೈನ್ ಕೊಡಿ. ಮೇನ್ ಆಫ್ ಮಾಡಿ ಎಲ್ಲರೂ ಮನೆಗೆ ಹೋದ ರಾತ್ರಿಯೇ ಬೋಟಿಗೆ ನೀರು ಹೊಕ್ಕುವುದು. ಆ ಲೈನಿನ ಜಾಯಿಂಟ್ ಬಿಲ್ಜ್ ನೀರಿನ ಮಟ್ಟಕ್ಕಿಂತ ಮೇಲಿರಲಿ.

"ಸ್ಟಾರ್ಟರ್ ಹೋಗಿದೆ ಅಣ್ಣ"

ತಂಡೇಲರು (ಬೋಟು ನಡೆಸುವವರು) ಹೀಗೆ ಫೋನ್ ಮಾಡಿದಾಗ ಹೊಸ ಸ್ಟಾರ್ಟರ್ ಹೊತ್ತುಕೊಂಡು ಹೋಗಬೇಡಿ. ಬಹಳ ಸಲ ಸ್ಟಾರ್ಟರ್ ಸರಿಯೇ ಇರುತ್ತದೆ. ರಾತ್ರಿ ವಿಶ್ರಾಂತಿಯಲ್ಲಿದ್ದ ಬ್ಯಾಟರಿಯ ವೋಲ್ಟೇಜ್ ನೋಡಿ: 12 ವೋಲ್ಟ್ ಬ್ಯಾಟರಿ 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 11.8 ಇದ್ದರೆ ಖಾಲಿ. 24 ವೋಲ್ಟ್ ಬೋಟಿನಲ್ಲಿ ಸರಣಿಯ ಎರಡೂ ಬ್ಯಾಟರಿ ಬೇರೆಬೇರೆ ಅಳೆಯಿರಿ. ಒಂದು 12.7, ಇನ್ನೊಂದು 12.1 ಇದ್ದರೆ ಯಾರೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಟೇಪ್ ರೆಕಾರ್ಡರ್ ಅಥವಾ ಫೋನ್ ಚಾರ್ಜರ್ ತೆಗೆದಿರುವ ಸಾಧ್ಯತೆ ಹೆಚ್ಚು. ಅದಕ್ಕೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಇಲ್ಲದಿದ್ದರೆ ಹೊಸ ಬ್ಯಾಟರಿ ಕೂಡ ಒಂದು ಸೀಸನ್ ಬಾಳುವುದಿಲ್ಲ.

ಬ್ಯಾಟರಿ ಸರಿಯಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ (ಲಗ್ ಮೇಲಲ್ಲ, ಕಂಬದ ಮೇಲೆ), ಇನ್ನೊಂದು ಸ್ಟಾರ್ಟರಿನ ಟರ್ಮಿನಲ್ ಮೇಲೆ ಇಟ್ಟು ಕ್ರ್ಯಾಂಕ್ ಮಾಡಿಸಿ. 12 ವೋಲ್ಟ್ ವ್ಯವಸ್ಥೆಯಲ್ಲಿ 0.5, 24ರಲ್ಲಿ 1 ವೋಲ್ಟಿಗಿಂತ ಹೆಚ್ಚು ತೋರಿದರೆ ದೋಷ ಆ ದಾರಿಯಲ್ಲಿದೆ. ಕಡ್ಡಿಯನ್ನು ಒಂದೊಂದೇ ಜಾಯಿಂಟ್ ದಾಟಿಸುತ್ತ ಬಂದರೆ ಜಿಗಿತ ಎಲ್ಲಿದೆ ಎಂದು ಗೊತ್ತಾಗುತ್ತದೆ. ನೆಗೆಟಿವ್ ಕಡೆಯೂ, ಎಂಜಿನ್ ಬ್ಲಾಕಿನಿಂದ ಬ್ಯಾಟರಿ ಕಂಬಕ್ಕೆ, ಇದನ್ನೇ ಮಾಡಿ. ಬಣ್ಣ ಬಳಿದ ಬ್ಲಾಕಿನ ಮೇಲೆ ಬೋಲ್ಟ್ ಹಾಕಿದ ಅರ್ತ್ ಲಗ್ಗೇ ನಮ್ಮ ಬಂದರುಗಳಲ್ಲಿ ಅತಿ ಸಾಮಾನ್ಯ ಕಳ್ಳ. ಎಂಜಿನ್ ಓಡುವಾಗ ಆಲ್ಟರ್ನೇಟರ್ 24 ವೋಲ್ಟ್ ಬೋಟಿನಲ್ಲಿ 27.6ರಿಂದ 28.8ರ ನಡುವೆ ಕೊಡಬೇಕು.

ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿಯುತ್ತದೆ ಎಂಬ ದೂರು ಬಂದರೆ ಎಲ್ಲ ಆಫ್ ಮಾಡಿ, ನೆಗೆಟಿವ್ ಕೇಬಲ್ ತೆಗೆದು ಆಂಪ್ ಮೀಟರನ್ನು ಸರಣಿಯಲ್ಲಿ ಸೇರಿಸಿ. 50 ಮಿಲಿಆಂಪಿಗಿಂತ ಹೆಚ್ಚು ಹರಿಯುತ್ತಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬನ್ನಿ. ಮೆಗ್ಗರ್ ಹಚ್ಚುವುದಾದರೆ ಮೊದಲು ಎಲ್ಲ ಎಲೆಕ್ಟ್ರಾನಿಕ್ಸ್ ಕಳಚಿಡಿ. 500 ವೋಲ್ಟ್ ಫಿಶ್ ಫೈಂಡರಿನ ಪ್ರಾಣ ತೆಗೆಯುತ್ತದೆ. ಕೇಬಲ್ ಮಾತ್ರ ಉಳಿದಾಗ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬದಲಿಸಿ.

ದೀಪ, ರೇಡಿಯೊ, ಸತು

ಟ್ರಾಲ್ ಬೋಟಿಗೆ ಮೇಲೆ ಹಸಿರು, ಕೆಳಗೆ ಬಿಳಿ ದೀಪ, ಎರಡೂ ಸುತ್ತಲೂ ಕಾಣುವಂಥವು. ಪರ್ಸೀನ್ (ಸುತ್ತುಬಲೆ) ಮತ್ತಿತರ ಮೀನುಗಾರಿಕೆಗೆ ಮೇಲೆ ಕೆಂಪು, ಕೆಳಗೆ ಬಿಳಿ. ಪರ್ಸೀನ್ ಬಲೆ ಬಿಟ್ಟು ತಿರುಗಲಾಗದ ಸ್ಥಿತಿಯಲ್ಲಿ ಒಂದರ ಮೇಲೊಂದು ಎರಡು ಹಳದಿ ದೀಪ ಸೆಕೆಂಡಿಗೊಮ್ಮೆ ಸರದಿಯಲ್ಲಿ ಮಿನುಗಬಹುದು. ಹಸಿರು-ಬಿಳಿ, ಕೆಂಪು-ಬಿಳಿ ದೀಪಗಳ ಸ್ವಿಚ್ ಅದಲುಬದಲಾಗಿ ಗುರುತು ಹಾಕಿದ ಪ್ಯಾನೆಲ್‌ಗಳು ಬೇಕಾದಷ್ಟು ಸಿಗುತ್ತವೆ; ಕತ್ತಲಲ್ಲಿ ದೂರ ನಿಂತು ನೋಡಿಯೇ ಒಪ್ಪಿಸಿ. ಮೀನು ಸೆಳೆಯುವ ಎಲ್‌ಇಡಿ ದೀಪ ಅಳವಡಿಸಲು ಕೇಳಿದರೆ ಇಲ್ಲ ಎನ್ನಿ. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದೆ, ಬೋಟು ಸಿಕ್ಕಿಬಿದ್ದರೆ ವೈರಿಂಗ್ ಮಾಡಿದವರ ಹೆಸರೂ ಹೊರಬರುತ್ತದೆ.

ಅಗ್ಗದ ಎಲ್‌ಇಡಿ ಡೆಕ್ ದೀಪಗಳ ಡ್ರೈವರ್ ವಿಎಚ್‌ಎಫ್ ರೇಡಿಯೊಗೆ ಸದ್ದು ತುಂಬುತ್ತದೆ. ಆಗ 16ನೇ ಚಾನೆಲ್ಲಿನ (ತುರ್ತು ಕರೆಯ ಚಾನೆಲ್) ದೂರದ ಕರೆ ಕೇಳುವುದೇ ಇಲ್ಲ, ಅದು ಕೇಳುತ್ತಿಲ್ಲ ಎಂಬುದೂ ತಂಡೇಲರಿಗೆ ತಿಳಿಯುವುದಿಲ್ಲ. ದೀಪಗಳನ್ನೆಲ್ಲ ಆರಿಸಿ, ಯಾರೂ ಮಾತಾಡದ ಚಾನೆಲ್ಲಿನಲ್ಲಿ ಸ್ಕ್ವೆಲ್ಚ್ ಗುಬ್ಬಿಯನ್ನು (ಹಿನ್ನೆಲೆ ಸದ್ದು ತಡೆಯುವುದು) ಸದ್ದು ನಿಲ್ಲುವಷ್ಟಕ್ಕೇ ತಿರುಗಿಸಿ, ನಂತರ ದೀಪ ಒಂದೊಂದಾಗಿ ಹಾಕಿ. ಸದ್ದು ಮರಳಿ ಬಂದರೆ ಅದೇ ದೀಪ ಅಪರಾಧಿ. ಫಿಶ್ ಫೈಂಡರಿನ ಟ್ರಾನ್ಸ್‌ಡ್ಯೂಸರ್ ಕೇಬಲ್ಲನ್ನು ಆಲ್ಟರ್ನೇಟರ್ ಕೇಬಲ್ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. ಮೀನುಗಾರಿಕೆ ಇಲಾಖೆ ಮೂಲಕ ಬರುವ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರಿಗೆ ಪ್ರತ್ಯೇಕ ಫ್ಯೂಸ್ ಕೊಡಿ, ಅದರ ಲೈನಿನಿಂದ ಬೇರೇನನ್ನೂ ತೆಗೆಯಬೇಡಿ.

ಸ್ಟೀಲ್ ಬೋಟಿನ ಸತು ಆನೋಡ್ (ಹಲ್ ತುಕ್ಕು ಹಿಡಿಯದಂತೆ ತಾನು ಕರಗುವ ಸತುವಿನ ತುಂಡು) ಅರ್ಧ ಕರಗಿದ್ದರೆ ಬದಲಿಸಿ, ಮೇಲೆ ಬಣ್ಣ ಬಳಿಯಲು ಬಿಡಬೇಡಿ. ನೀರಿನಲ್ಲಿ ರೆಫರೆನ್ಸ್ ಎಲೆಕ್ಟ್ರೋಡ್ ಇಳಿಸಿ ಅಳೆದಾಗ ಹಲ್ ಮೈನಸ್ 0.80ರಿಂದ ಮೈನಸ್ 1.05 ವೋಲ್ಟ್ ನಡುವೆ ಇರಬೇಕು. ಮರದ ಬೋಟಿನಲ್ಲಿ ಹೆಚ್ಚು ಸತು ಹಾಕಿದರೆ ಒಳ್ಳೆಯದಲ್ಲ. ಬೋಲ್ಟಿನ ಸುತ್ತ ಕ್ಷಾರ ಹುಟ್ಟಿ ಮರ ಮೆತ್ತಗಾಗುತ್ತದೆ. ಒಂದೇ ಮಳೆಗಾಲದಲ್ಲಿ ಆನೋಡ್ ಪೂರ್ತಿ ಮಾಯವಾದರೆ ದಡದ ಪ್ಲಗ್ಗಿನ ಅರ್ತ್ ತಂತಿಯನ್ನು ಅನುಮಾನಿಸಿ. ಅದು ಪಕ್ಕದ ಬೋಟುಗಳ ಲೋಹವನ್ನೆಲ್ಲ ನಿಮ್ಮ ಬೋಟಿಗೆ ಜೋಡಿಸಿರುತ್ತದೆ. ಗ್ಯಾಲ್ವನಿಕ್ ಐಸೊಲೇಟರ್ ಅಥವಾ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು.

ರೇಟು, ಬಾಕಿ, ಬೇರೆ ಕೆಲಸ

ಮನೆಗೆ ವರ್ಷಕ್ಕೆ 4,20,000 ಬೇಕು, ಬೈಕ್, ಶೆಡ್ ಬಾಡಿಗೆ, ವಿಮೆ, ಉಪಕರಣ ಸವಕಳಿಗೆ 1,40,000 ಎಂದುಕೊಳ್ಳೋಣ. ಬಿಲ್ ಆಗುವ ದಿನ ವರ್ಷಕ್ಕೆ 160 ಸಿಕ್ಕರೆ ದಿನಕ್ಕೆ 3,500 ಬೀಳಬೇಕು. ದಿನಗೂಲಿಯಾಗಿ ಈ ಮೊತ್ತ ಹೇಳಿದರೆ ಯಾರೂ ಒಪ್ಪುವುದಿಲ್ಲ. ಕೆಲಸಕ್ಕೆ ಇಷ್ಟು ಎಂದು ಬರೆದುಕೊಡಿ, ಸಾಮಾನಿನ ದುಡ್ಡು ಬೇರೆ, ಅದು ಮುಂಗಡ. ಪಿಂಚಣಿ ಬರುತ್ತದಲ್ಲ ಎಂದು ಅರ್ಧ ರೇಟಿಗೆ ಇಳಿಯುವವರು ತಾವೂ ನಿಲ್ಲುವುದಿಲ್ಲ, ಪಕ್ಕದವರನ್ನೂ ನಿಲ್ಲಲು ಬಿಡುವುದಿಲ್ಲ.

ದೋಷ ಹೇಳುವವರು ತಂಡೇಲರು, ದುಡ್ಡು ಕೊಡುವವರು ಯಜಮಾನರು. ಇಬ್ಬರಿಗೂ ಅಂದಾಜು ಪಟ್ಟಿ ಒಟ್ಟಿಗೇ ವಾಟ್ಸಾಪ್ ಮಾಡಿ. ಮಳೆಗಾಲದಲ್ಲಿ ಯಜಮಾನರ ಕೈಯಲ್ಲೂ ದುಡ್ಡಿರುವುದಿಲ್ಲ, ಆಗಸ್ಟ್‌ನಲ್ಲಿ ಮೀನು ಬಿದ್ದ ಮೇಲೆ ಕೊಡುವ ರೂಢಿಯಿದೆ. ಕೂಲಿಯ ಒಂದು ಪಾಲು ಹಾಗೆ ಬಿಡಬಹುದು, ಸಾಮಾನಿನದು ಬಿಡಕೂಡದು.

ಸೆಪ್ಟೆಂಬರಿನಿಂದ ಮೇ ತನಕ ಬಿಡುವಿನ ದಿನ ತುಂಬಲು ಸೇಂಟ್ ಮೇರೀಸ್ ದ್ವೀಪದ ಪ್ರವಾಸಿ ಬೋಟುಗಳು, ಮುರ್ಡೇಶ್ವರದ ಡೈವಿಂಗ್ ಬೋಟುಗಳು, ಹೊನ್ನಾವರದ ಶರಾವತಿ ಹಿನ್ನೀರಿನ ದೋಣಿಗಳಿವೆ. ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನಂಥ ಕಡೆ ಉಪಗುತ್ತಿಗೆದಾರರ ಮೂಲಕ ಕೇಬಲ್ ಎಳೆಯುವ, ಗ್ಲ್ಯಾಂಡ್ ಹಾಕುವ ಕೆಲಸ ಕೇಳಿ ನೋಡಿ. ಕಾರವಾರ ನೌಕಾನೆಲೆಯ ಒಳಗೆ ನಿಮ್ಮ ಹಳೆಯ ಪರಿಚಯ ನಡೆಯುವುದಿಲ್ಲ, ಗುತ್ತಿಗೆ ಜಿಇಎಂ (ಸರ್ಕಾರಿ ಖರೀದಿಯ) ಪೋರ್ಟಲ್ ಮತ್ತು ಟೆಂಡರ್ ದಾರಿಯಲ್ಲೇ ಬರಬೇಕು. ಪ್ರಚಾರಕ್ಕೆಂದು ಯುದ್ಧನೌಕೆಯ ಒಳಗಿನ ಫೋಟೊ ಎಲ್ಲೂ ಹಾಕಬೇಡಿ, ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯ ನಂತರವೂ ಅನ್ವಯಿಸುತ್ತದೆ.

ಜುಲೈ ಕೊನೆಯ ವಾರ ಎಲ್ಲರೂ ಒಮ್ಮೆಲೇ ಕರೆಯುತ್ತಾರೆ. ಜುಲೈ 20ರ ನಂತರ ಹೊಸ ರೀವೈರಿಂಗ್ ಒಪ್ಪಿಕೊಳ್ಳದೆ, ಮುಗಿಸಿದ ಬೋಟುಗಳನ್ನು ನೀರಿಗಿಳಿಸಿದ ಮೇಲೆ ಎಂಜಿನ್ ಒಂದು ತಾಸು ಓಡಿಸಿ, ಎಲ್ಲ ಲೋಡ್ ಹಾಕಿ, 12, 24 ವೋಲ್ಟಿನ ಪ್ರತಿ ಲಗ್ಗಿನ ಬಿಸಿ ಮುಟ್ಟಿ ನೋಡಲು ಆ ದಿನಗಳನ್ನು ಮೀಸಲಿಡಿ. ಪ್ಯಾನೆಲ್ ಬಾಗಿಲಿನ ಒಳಗೆ ಲ್ಯಾಮಿನೇಟ್ ಮಾಡಿದ ಒಂದು ಪುಟದ ಡ್ರಾಯಿಂಗ್, ಫ್ಯೂಸ್ ಪಟ್ಟಿ, ನಿಮ್ಮ ಫೋನ್ ನಂಬರ್ ಅಂಟಿಸಿ, ಜೊತೆಗೆ ಪ್ರತಿ ಅಳತೆಯ ಎರಡೆರಡು ಬಿಡಿ ಫ್ಯೂಸ್ ಇಡಿ.